ಮೀಥೈಲ್ ಅಯೊಡೈಡ್: 4-ಕಾಂಪೊನೆಂಟ್ ಐಪಿ ಲೆಕ್ಕ 64 ಜಿಬಿಯಲ್ಲಿ ನಿಲ್ಲುತ್ತಿಲ್ಲ, ಎಕ್ಸ್2ಸಿಗೆ ಹೋದರೆ ಸಾಕಾ?

ಕೊಣಾಜೆ_ಗುಡ್ಡೆ:

ನಮಸ್ಕಾರ. ಮೀಥೈಲ್ ಅಯೊಡೈಡ್‌ನ ಮೊದಲ ಎರಡು ಅಯನೀಕರಣ ಶಕ್ತಿ (ಮುಂದೆ ಐಪಿ ಅಂತಲೇ ಬರೆಯುತ್ತೇನೆ), ಆಮೇಲೆ 260 ನ್ಯಾನೋಮೀಟರ್ ಸುತ್ತ ಬೆಳಕು ಹೀರುವ ಎ-ಬ್ಯಾಂಡ್, ಇವೆರಡರ ಲೆಕ್ಕ ಬೇಕು. ಕಡಲ ಪಾಚಿಯಿಂದಲೂ ನೀರು ನಿಂತ ಭತ್ತದ ಗದ್ದೆಯಿಂದಲೂ ಗಾಳಿಗೆ ಸೇರುವ ಅನಿಲ ಇದು. ಉಳ್ಳಾಲದಿಂದ ಮಲ್ಪೆವರೆಗೆ ಎರಡಕ್ಕೂ ಕೊರತೆ ಇಲ್ಲದ್ದರಿಂದ ಇದೇ ಅಣು ಆರಿಸಿದ್ದು.

ಈಗಿನ ಸೆಟಪ್: ಡಿರಾಕ್-ಕೂಲಂಬ್ ಹ್ಯಾಮಿಲ್ಟೋನಿಯನ್ (ಸಾಪೇಕ್ಷತೆ ಸೇರಿದ ಸಮೀಕರಣ), 4-ಕಾಂಪೊನೆಂಟ್ ಎಚ್‌ಎಫ್ (ಹಾರ್ಟ್ರೀ-ಫಾಕ್), ಅದರ ಮೇಲೆ ಐಪಿ-ಇಒಎಂ-ಸಿಸಿಎಸ್‌ಡಿ (ಎಲೆಕ್ಟ್ರಾನ್‌ಗಳ ಪರಸ್ಪರ ಪ್ರಭಾವ, ಅಂದರೆ ಕೋರಿಲೇಶನ್, ಸೇರಿಸುವ ಕಪಲ್ಡ್-ಕ್ಲಸ್ಟರ್ ವಿಧಾನ). ಬೇಸಿಸ್ ಸೆಟ್ (ಕಕ್ಷಕಗಳನ್ನು ಕಟ್ಟುವ ಫಂಕ್ಷನ್‌ಗಳು) ಅಯೋಡಿನ್‌ಗೆ ಡಯಾಲ್ ಟ್ರಿಪಲ್-ಝೀಟಾ, ಕಾರ್ಬನ್ ಮತ್ತು ಹೈಡ್ರೋಜನ್‌ಗೆ ಅನ್‌ಕಾಂಟ್ರಾಕ್ಟೆಡ್ ಸಿಸಿ-ಪಿವಿಟಿಝಡ್. ಕಾರ್ಬನ್–ಅಯೋಡಿನ್ ದೂರ 2.14 ಆಂಗ್‌ಸ್ಟ್ರಾಂ. ಒಟ್ಟು 62 ಎಲೆಕ್ಟ್ರಾನ್‌ಗಳಲ್ಲಿ 38 ಫ್ರೀಜ್, ಅಂದರೆ ಅಯೋಡಿನ್‌ನ 4ಡಿ ಸೇರಿ 24 ಕೋರಿಲೇಟ್ ಆಗುತ್ತವೆ. ಶಕ್ತಿಯ ಕಟ್‌ಆಫ್ ಹಾಕಿದ ಮೇಲೂ 400 ವರ್ಚುವಲ್ (ಖಾಲಿ) ಸ್ಪಿನರ್, ಅಂದರೆ ಸ್ಪಿನ್ ಸೇರಿದ ಕಕ್ಷಕ, ಉಳಿಯುತ್ತವೆ. ಮೆಷಿನ್ 16 ಕೋರ್, 64 ಜಿಬಿ. ಎಸ್‌ಸಿಎಫ್ (ಎಚ್‌ಎಫ್ ಹಂತ) ಮುಗಿಯುತ್ತದೆ, ಇಂಟಿಗ್ರಲ್ ಟ್ರಾನ್ಸ್‌ಫಾರ್ಮೇಶನ್ ತೆವಳುತ್ತದೆ, ಸಿಸಿಎಸ್‌ಡಿಯ ಮೊದಲ ಇಟರೇಶನ್‌ನಲ್ಲೇ ಪ್ರೋಸೆಸ್ ಸಾಯುತ್ತದೆ.

ಎಕ್ಸ್2ಸಿಗೆ (ನಾಲ್ಕು ಕಾಂಪೊನೆಂಟನ್ನು ಎರಡಕ್ಕೆ ಇಳಿಸುವ ವಿಧಾನ) ಬದಲಾಯಿಸಿದರೆ ಮೆಮರಿ ಉಳಿಯುತ್ತದಾ? ಅಥವಾ ಸ್ಪಿನ್-ಫ್ರೀ ಲೆಕ್ಕ ಮಾಡಿ ಸ್ಪಿನ್-ಆರ್ಬಿಟನ್ನು (ಎಲೆಕ್ಟ್ರಾನಿನ ಸ್ಪಿನ್ ಮತ್ತು ಚಲನೆಯ ನಡುವಿನ ಜೋಡಣೆ) ಪರ್ಟರ್ಬೇಶನ್, ಅಂದರೆ ಸಣ್ಣ ತಿದ್ದುಪಡಿ ಆಗಿ ಸೇರಿಸಿದರೆ ಅಯೋಡಿನ್‌ಗೆ ಸಾಕಾ? ಇನ್ನೊಂದು ವಿಷಯ: ಪೈಎಸ್‌ಸಿಎಫ್ ಪ್ರೋಗ್ರಾಂನಲ್ಲಿ ಡಬಲ್-ಝೀಟಾ ಇಟ್ಟು 2-ಕಾಂಪೊನೆಂಟ್ ಎಕ್ಸ್2ಸಿ ಎಚ್‌ಎಫ್ ಓಡಿಸಿ ನೋಡಿದಾಗ ಮೇಲಿನ ಎರಡು ಜೋಡಿ ಸ್ಪಿನರ್‌ಗಳ ಅಂತರ 0.65 ಇವಿ ಬಂತು. ಪ್ರಯೋಗದ ಐಪಿಗಳು 9.54 ಮತ್ತು 10.16, ಅಂತರ 0.62. ಆ ಹೆಚ್ಚುವರಿ ಬೇಸಿಸ್ ಸೆಟ್‌ನ ತಪ್ಪಾ?

ಸುರತ್ಕಲ್_ನೋಡ್:

ಎಕ್ಸ್2ಸಿಗೆ ಹೋದರೂ ನಿಮ್ಮ ಸಿಸಿಎಸ್‌ಡಿ ಅದೇ ಜಾಗದಲ್ಲಿ ಸಾಯ್ತದೆ. ಸುಮಾರು ಜನ ಇಲ್ಲೇ ಎಡವುವುದು. 4-ಕಾಂಪೊನೆಂಟ್‌ನಲ್ಲೂ ನೋ-ಪೇರ್ ಅಂದಾಜಿನಲ್ಲಿ (ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿ ಬಿಟ್ಟು ಮಾಡುವ ಲೆಕ್ಕ) ಕೋರಿಲೇಶನ್‌ಗೆ ಹೋಗುವುದು ಧನ ಶಕ್ತಿಯ ಸ್ಪಿನರ್‌ಗಳು ಮಾತ್ರ. 2-ಕಾಂಪೊನೆಂಟ್‌ನಲ್ಲಿ ಉಳಿಯುವುದೂ ಅಷ್ಟೇ ಸ್ಪಿನರ್. ನಾಲ್ಕರಲ್ಲಿ ಸ್ಮಾಲ್ ಕಾಂಪೊನೆಂಟ್ ಎನ್ನುವ ಎರಡರ ಭಾರ ಇರುವುದು ಎಸ್‌ಸಿಎಫ್‌ನಲ್ಲಿ ಮತ್ತು ಟ್ರಾನ್ಸ್‌ಫಾರ್ಮೇಶನ್‌ನಲ್ಲಿ. ಎಕ್ಸ್2ಸಿ ಇಳಿಸುವುದು ಆ ಭಾರವನ್ನು. ಅದರ ಆಚೆ 24 ಆಕ್ಯುಪೈಡ್, 400 ವರ್ಚುವಲ್ ಇದ್ದದ್ದು ಇದ್ದ ಹಾಗೇ ಉಂಟು.

ಕೈಯಲ್ಲೇ ಲೆಕ್ಕ ಹಾಕಿ. ನಾಲ್ಕೂ ಸೂಚಿ ವರ್ಚುವಲ್ ಆಗಿರುವ ಇಂಟಿಗ್ರಲ್‌ಗಳಿಗೆ ಬೇಕಾದ ಜೋಡಿ 400 × 399 / 2 = 79,800. ಅದರ ವರ್ಗ ಸುಮಾರು 637 ಕೋಟಿ. ಕಾಂಪ್ಲೆಕ್ಸ್ ಸಂಖ್ಯೆ ಒಂದಕ್ಕೆ 16 ಬೈಟ್ ಅಂದರೆ 102 ಜಿಬಿ; ಹರ್ಮೀಶಿಯನ್ ಸಿಮೆಟ್ರಿ ಬಳಸಿ ಅರ್ಧ ಮಾಡಿದರೂ 51. ಮೂರು ವರ್ಚುವಲ್, ಒಂದು ಆಕ್ಯುಪೈಡ್ ಇರುವ ಗುಂಪು ಇನ್ನೊಂದು 12.3 ಜಿಬಿ. ಕೂಡಿಸಿದರೆ 63 ದಾಟಿತು, ಬಫರ್‌ಗೆ, ಆಪರೇಟಿಂಗ್ ಸಿಸ್ಟಮ್‌ಗೆ ಜಾಗ ಎಲ್ಲಿ ಉಂಟು ಮಾರಾಯ್ರೆ? ಟಿ2 ಆಂಪ್ಲಿಟ್ಯೂಡ್ (ಸಿಸಿಎಸ್‌ಡಿ ಹುಡುಕುವ ಗುಣಾಂಕಗಳು) ಬರೀ 0.35 ಜಿಬಿ, ಅದರದ್ದು ಏನೂ ತೊಂದರೆ ಇಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದರೆ ಕಡಿಮೆ ಮಾಡಬೇಕಾದ್ದು ವರ್ಚುವಲ್‌ಗಳನ್ನು. 400 ಇದ್ದದ್ದು 200 ಆದರೆ ಆ 51 ಜಿಬಿ 3.2ಕ್ಕೆ ಇಳಿಯುತ್ತದೆ, ಸಮಯವೂ ಹೆಚ್ಚುಕಡಿಮೆ 16ರಲ್ಲಿ ಒಂದು ಪಾಲು. ಆದರೆ ಶಕ್ತಿ ನೋಡಿ ಕತ್ತರಿಸಬೇಡಿ. ಅಯೋಡಿನ್‌ನ 4ಡಿ ಕೋರಿಲೇಟ್ ಮಾಡುವ ಬಿಗಿ ಫಂಕ್ಷನ್‌ಗಳೆಲ್ಲ ಶಕ್ತಿಯಲ್ಲಿ ಮೇಲೆ ಕೂತಿರ್ತವೆ. ಕೆಳಗಿರುವ ಹರಡಿದ ವರ್ಚುವಲ್‌ಗಳಲ್ಲಿ ಎಷ್ಟೋ ನೆಲಸ್ಥಿತಿಯ ಕೋರಿಲೇಶನ್‌ಗೆ ಉಪಯೋಗಕ್ಕಿಲ್ಲ. ನೀವು ಕಟ್‌ಆಫ್ ಇಳಿಸುತ್ತಾ ಹೋದ ಹಾಗೆ ಬೇಕಾದ್ದು ಹೋಗಿ ಬೇಡದ್ದು ಉಳೀತದೆ.

ಫ್ರೋಜನ್ ನ್ಯಾಚುರಲ್ ಸ್ಪಿನರ್ ಬಳಸಿ. ಮೊದಲು ಪೂರ್ತಿ 400 ವರ್ಚುವಲ್‌ನಲ್ಲಿ ಎಂಪಿ2 (ಎರಡನೇ ಕ್ರಮದ ಅಗ್ಗದ ಕೋರಿಲೇಶನ್ ಲೆಕ್ಕ). ಅದಕ್ಕೆ ಎರಡು ಆಕ್ಯುಪೈಡ್, ಎರಡು ವರ್ಚುವಲ್ ಇರುವ ಇಂಟಿಗ್ರಲ್ ಮಾತ್ರ ಸಾಕು, ಅದೂ 0.35 ಜಿಬಿಯೇ. ಎಂಪಿ2 ಆಂಪ್ಲಿಟ್ಯೂಡ್‌ಗಳಿಂದ ಡೆನ್ಸಿಟಿಯ ವರ್ಚುವಲ್–ವರ್ಚುವಲ್ ಬ್ಲಾಕ್ ಕಟ್ಟಿ ಡಯಾಗನಲೈಸ್ ಮಾಡಿ. ಆಕ್ಯುಪೇಶನ್ 10⁻⁵ಕ್ಕಿಂತ ಕೆಳಗಿನವನ್ನು ಬಿಡಿ (10⁻⁴ ಹಾಕಿದರೆ ಇನ್ನೂ ಸಣ್ಣದಾಗ್ತದೆ, ಆದರೆ ಎರಡನ್ನೂ ಓಡಿಸಿ ಐಪಿ ಎಷ್ಟು ಜರುಗಿತು ನೋಡದೆ ನಂಬಬೇಡಿ). ಉಳಿದ ವರ್ಚುವಲ್‌ಗಳ ಫಾಕ್ ಮ್ಯಾಟ್ರಿಕ್ಸನ್ನು ಮತ್ತೊಮ್ಮೆ ಡಯಾಗನಲೈಸ್ ಮಾಡಿ ಸೆಮಿಕೆನಾನಿಕಲ್ ಮಾಡಿಕೊಳ್ಳಲೇಬೇಕು. ಇದನ್ನು ಮರೆತರೆ ಡಿನಾಮಿನೇಟರ್‌ಗೆ ಅರ್ಥವಿಲ್ಲದ ಸಂಖ್ಯೆ ಬೀಳ್ತದೆ, ಕೋಡ್ ಏನೂ ದೂರು ಹೇಳುವುದಿಲ್ಲ, ಉತ್ತರ ಮಾತ್ರ ತಪ್ಪು. ಆಮೇಲೆ ಈ ಸಣ್ಣ ಜಾಗದಲ್ಲಿ ಮಾತ್ರ ಪೂರ್ತಿ ಟ್ರಾನ್ಸ್‌ಫಾರ್ಮೇಶನ್, ಸಿಸಿಎಸ್‌ಡಿ, ಇಒಎಂ.

ಪೂರ್ತಿ ಎಂಪಿ2 ಮತ್ತು ಕತ್ತರಿಸಿದ ಎಂಪಿ2 ನಡುವಿನ ವ್ಯತ್ಯಾಸವನ್ನು ನೆಲಸ್ಥಿತಿಯ ಒಟ್ಟು ಶಕ್ತಿಗೆ ಸೇರಿಸುವ ರೂಢಿ ಉಂಟು. ಅದನ್ನು ಐಪಿಗೆ ಸೇರಿಸಲಿಕ್ಕಿಲ್ಲ. ಇಒಎಂ ಕೊಡುವುದೇ ಶಕ್ತಿ ವ್ಯತ್ಯಾಸ.

ನಾಲ್ಕು ವರ್ಚುವಲ್ ಗುಂಪು ಬೇಕಾಗುವುದು ನೆಲಸ್ಥಿತಿಯ ಸಿಸಿಎಸ್‌ಡಿಗೆ ಮಾತ್ರ. ಐಪಿ-ಇಒಎಂನ ಸಿಗ್ಮಾ ವೆಕ್ಟರ್‌ಗೆ ಅದು ಬೇಡ, ಅಲ್ಲಿ ಖರ್ಚು ಐದನೇ ಘಾತಕ್ಕೆ ನಿಲ್ತದೆ. ನಿಮ್ಮ ಕೋಡ್‌ನಲ್ಲಿ ಚೊಲೆಸ್ಕಿ (ಇಂಟಿಗ್ರಲ್‌ಗಳನ್ನು ವೆಕ್ಟರ್‌ಗಳಾಗಿ ಒಡೆದಿಡುವ ವಿಧಾನ) ಇದ್ದರೆ ಈ ಗುಂಪನ್ನು ಇಡದೇ ಆಗಾಗ ಕಟ್ಟಿಕೊಂಡು ಹೋಗಬಹುದು. 2,000 ವೆಕ್ಟರ್ ಅಂದುಕೊಂಡರೆ 400 ವರ್ಚುವಲ್‌ಗೂ 5 ಜಿಬಿ ಸಾಕು. ಮೆಮರಿ ಉಳೀತದೆ, ಸಮಯ ಉಳಿಯುವುದಿಲ್ಲ.

ಮಣಿಪಾಲ್_ಸ್ಪಿನರ್:

ಮೇಲಿನವರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ಆ 0.65ರ ಬಗ್ಗೆ ಹೇಳುತ್ತೇನೆ, ಬೇಸಿಸ್ ಸೆಟ್ ಮೇಲೆ ಗೂಬೆ ಕೂರಿಸುವ ಮೊದಲು.

ಪೈಎಸ್‌ಸಿಎಫ್‌ನ ಸಾಮಾನ್ಯ ಎಕ್ಸ್2ಸಿ ಒಂದು-ಎಲೆಕ್ಟ್ರಾನ್ ಮಾದರಿ. ಬರಿಯ ನ್ಯೂಕ್ಲಿಯಸ್‌ನ ಸ್ಪಿನ್-ಆರ್ಬಿಟ್ ಅದರಲ್ಲಿದೆ. ಒಳಗಿನ ಎಲೆಕ್ಟ್ರಾನ್‌ಗಳು ಆ ಸ್ಪಿನ್-ಆರ್ಬಿಟನ್ನು ಮರೆಮಾಡುವ ಎರಡು-ಎಲೆಕ್ಟ್ರಾನ್ ಭಾಗ ಇಲ್ಲ. ಹಾಗಾಗಿ ಸೀಳು ಯಾವಾಗಲೂ ಹೆಚ್ಚೇ ಬರುತ್ತದೆ. ಎಷ್ಟು ಹೆಚ್ಚು ಎಂಬುದಕ್ಕೆ ಬೋಟ್‌ಗರ್ 2000ದಲ್ಲಿ ಕೊಟ್ಟ ಸರಳ ತಿದ್ದುಪಡಿಯೇ ಒಂದು ಅಂದಾಜು ಕೊಡುತ್ತದೆ: ಪಿ ಕಕ್ಷಕಕ್ಕೆ 1 − 2/ಝಡ್, ಡಿಗೆ 1 − 10/ಝಡ್. ಅಯೋಡಿನ್‌ನ ಝಡ್ 53, ಆದ್ದರಿಂದ ಪಿಗೆ 0.962. ನಿಮ್ಮ 0.65ನ್ನು ಅದರಿಂದ ಗುಣಿಸಿದರೆ 0.625. ಅಲ್ಲಿಗೆ ಹೆಚ್ಚುವರಿ ಎಲ್ಲಿಂದ ಬಂತು ಗೊತ್ತಾಯಿತು. ಇದೇ ತಪ್ಪು ಕ್ಲೋರಿನ್‌ನಲ್ಲಿ 12 ಶೇಕಡ, ಫ್ಲೋರಿನ್‌ನಲ್ಲಿ 22 ಶೇಕಡ ತಿದ್ದುಪಡಿ ಕೇಳುತ್ತದೆ. "ಹಗುರ ಮೂಲವಸ್ತು ತಾನೇ, ಒಂದು-ಎಲೆಕ್ಟ್ರಾನ್ ಸಾಕು" ಅನ್ನುವ ವಾದ ಪೂರ್ತಿ ತಿರುಗುಮುರುಗು. ಹಗುರವಾದಷ್ಟೂ ಪಾಲಿನ ಲೆಕ್ಕದಲ್ಲಿ ತಪ್ಪು ದೊಡ್ಡದು.

0.62 ಯಾಕೆ ಬರಬೇಕು ಎಂದೂ ಒಮ್ಮೆ ನೋಡಿ. ಅಯೋಡಿನ್ ಪರಮಾಣುವಿನಲ್ಲಿ ಪಿ 3/2 ಮತ್ತು ಪಿ 1/2 ಸ್ಥಿತಿಗಳ ಅಂತರ 7,603 ಸೆಂ.ಮೀ⁻¹, ಅಂದರೆ 0.943 ಇವಿ. ಪರಮಾಣುವಿನಲ್ಲಿ ಈ ಅಂತರ ಸ್ಪಿನ್-ಆರ್ಬಿಟ್ ಸ್ಥಿರಾಂಕದ ಒಂದೂವರೆ ಪಟ್ಟು. ಮೀಥೈಲ್ ಅಯೊಡೈಡ್ ಅಯಾನಿನಲ್ಲಿ ಬಂಧದ ದಿಕ್ಕಿನ ಪಿ ಕಕ್ಷಕ ಕಾರ್ಬನ್ ಜೊತೆ ಬಂಧವಾಗಿ ದೂರ ಹೋಗಿರುತ್ತದೆ, ಅಡ್ಡದ ಎರಡು ಮಾತ್ರ ಉಳಿಯುತ್ತವೆ. ಅಲ್ಲಿ ಅಂತರ ಸ್ಥಿರಾಂಕದಷ್ಟೇ. 0.943ರ ಮೂರರಲ್ಲಿ ಎರಡು ಪಾಲು 0.629. ಯಾವ ಕಂಪ್ಯೂಟರೂ ಬೇಡ. ನಿಮ್ಮ ದೊಡ್ಡ ಲೆಕ್ಕ ಈ ಸಂಖ್ಯೆಯಿಂದ ಬಹಳ ದೂರ ಹೋದರೆ ಮೊದಲು ಇನ್‌ಪುಟ್ ಫೈಲ್ ನೋಡಿ, ಭೌತಶಾಸ್ತ್ರ ಆಮೇಲೆ.

ಯಾವ ಎಕ್ಸ್2ಸಿ ಎಂಬುದಕ್ಕೆ: ಮಾಲಿಕ್ಯುಲರ್ ಮೀನ್-ಫೀಲ್ಡ್ ಬಗೆ (2009) 4-ಕಾಂಪೊನೆಂಟ್ ಎಸ್‌ಸಿಎಫ್ ಮುಗಿಸಿ, ಆಮೇಲೆ ಫಾಕ್ ಮ್ಯಾಟ್ರಿಕ್ಸನ್ನು ಎರಡು ಕಾಂಪೊನೆಂಟ್‌ಗೆ ಇಳಿಸುತ್ತದೆ. ನಿಮ್ಮ ಎಸ್‌ಸಿಎಫ್ ಹೇಗೂ ಮುಗಿಯುವುದರಿಂದ ನಿಮಗೆ ಇದೇ ಸರಿ. ಟ್ರಾನ್ಸ್‌ಫಾರ್ಮೇಶನ್‌ನ ತೆವಳಾಟ ಅಲ್ಲಿಗೆ ನಿಲ್ಲುತ್ತದೆ. ಅಣು ದೊಡ್ಡದಾಗಿ ಎಸ್‌ಸಿಎಫ್ಫೇ ಕಷ್ಟವಾದಾಗ ಅಟಾಮಿಕ್ ಮೀನ್-ಫೀಲ್ಡ್ ಬಗೆ, ಲಿಯು ಮತ್ತು ಚೆಂಗ್ 2018ರಲ್ಲಿ ರೂಪಿಸಿದ ಎಕ್ಸ್2ಸಿಎಎಂಎಫ್. ಅದರಲ್ಲಿ ಎರಡು-ಎಲೆಕ್ಟ್ರಾನ್ ಸ್ಪಿನ್-ಆರ್ಬಿಟ್ ಪ್ರತಿ ಪರಮಾಣುವಿಗೂ ಬೇರೆ ಬೇರೆ ಲೆಕ್ಕವಾಗಿ ಬರುತ್ತದೆ, ಅಣುವಿನ ಮಟ್ಟದಲ್ಲಿ ಸ್ಮಾಲ್ ಕಾಂಪೊನೆಂಟ್ ಎರಡು-ಎಲೆಕ್ಟ್ರಾನ್ ಇಂಟಿಗ್ರಲ್ ಮುಟ್ಟುವುದೇ ಇಲ್ಲ. ಡಿರಾಕ್ ಪ್ರೋಗ್ರಾಂನ ಎಕ್ಸ್2ಸಿಯಲ್ಲಿ ಎರಡು-ಎಲೆಕ್ಟ್ರಾನ್ ಸ್ಪಿನ್-ಆರ್ಬಿಟ್‌ನ ಎಎಂಎಫ್‌ಐ ತಿದ್ದುಪಡಿ ತಾನಾಗಿ ಸೇರುತ್ತದೆ. ಯಾರದ್ದೋ ಹಳೇ ಇನ್‌ಪುಟ್ ನಕಲು ಮಾಡಿದ್ದರೆ ನೋಎಎಂಎಫ್‌ಐ ಎಂಬ ಸಾಲು ಕೂತಿದೆಯಾ ನೋಡಿಕೊಳ್ಳಿ.

ಸ್ಪಿನ್-ಫ್ರೀ ಮಾಡಿ ಪರ್ಟರ್ಬೇಶನ್ ಸೇರಿಸುವುದು ಅಯೋಡಿನ್‌ನ ವೇಲೆನ್ಸ್ ಐಪಿಗೆ ತಕ್ಕಮಟ್ಟಿಗೆ ನಡೆಯುತ್ತದೆ. ಆಸ್ಟಟೀನ್, ರೇಡಾನ್, ಸೀಸ ಇಲ್ಲಿಗೆ ಬಂದರೆ 6ಪಿ 1/2 ಸ್ಪಿನರ್ ಒಳಕ್ಕೆ ಕುಗ್ಗಿ 6ಪಿ 3/2ರ ಆಕಾರವೇ ಬೇರೆಯಾಗುತ್ತದೆ. ಸ್ಪಿನ್-ಫ್ರೀ ಲೆಕ್ಕದಲ್ಲಿ ಎರಡಕ್ಕೂ ಒಂದೇ ಕಕ್ಷಕ, ಹಾಗಾಗಿ ಕೆಲವೇ ಸ್ಥಿತಿಗಳನ್ನು ಬೆರೆಸಿ ಆ ವ್ಯತ್ಯಾಸ ಹಿಡಿಯಲು ಆಗುವುದಿಲ್ಲ. ಕೋರ್ ಕಡೆಗೆ ಹೋದರಂತೂ ಕೇಳುವುದೇ ಬೇಡ. ಅಯೋಡಿನ್‌ನ ಎಲ್3 ಅಂಚು 4,557 ಇವಿ, ಎಲ್2 4,852. ನಡುವೆ 295 ಇವಿ. ಅದನ್ನು ಸಣ್ಣ ತಿದ್ದುಪಡಿ ಅನ್ನಲು ಬಾಯಿ ಬರಬೇಕಲ್ಲ. ಅಲ್ಲಿ ಗಾಂಟ್ ಅಥವಾ ಬ್ರೈಟ್ ಪದವೂ (ಎಲೆಕ್ಟ್ರಾನ್‌ಗಳ ನಡುವಿನ ಕಾಂತೀಯ ಪರಿಣಾಮ) ಬೇಕು. ನಿಮ್ಮ ವೇಲೆನ್ಸ್ ಲೆಕ್ಕಕ್ಕೆ ಗಾಂಟ್ ಬಿಟ್ಟರೆ ದೊಡ್ಡ ನಷ್ಟವಿಲ್ಲ.

ಇನ್ನೊಂದು: ಸ್ಕೇಲಾರ್ ಲೆಕ್ಕಕ್ಕೆಂದು ಕಾಂಟ್ರಾಕ್ಟ್ ಮಾಡಿದ ಬೇಸಿಸ್ ಅನ್ನು ಅಯೋಡಿನ್‌ಗೆ ಹಾಕಬೇಡಿ. ಮೇಲೆ ಹೇಳಿದ ಪಿ 1/2 – ಪಿ 3/2 ಆಕಾರ ಭೇದಕ್ಕೆ ಅದರಲ್ಲಿ ಸ್ವಾತಂತ್ರ್ಯ ಇರುವುದಿಲ್ಲ. ಅನ್‌ಕಾಂಟ್ರಾಕ್ಟೆಡ್ ಇಟ್ಟುಕೊಂಡದ್ದು ಒಳ್ಳೇದೇ ಆಯಿತು.

ಕೊಣಾಜೆ_ಗುಡ್ಡೆ:

ಇಬ್ಬರಿಗೂ ತುಂಬಾ ಉಪಕಾರ. ಮೀನ್-ಫೀಲ್ಡ್ ಎಕ್ಸ್2ಸಿ ಮತ್ತು ನ್ಯಾಚುರಲ್ ಸ್ಪಿನರ್ ಹಾಕಿದೆ, ಈಗ ಸಿಸಿಎಸ್‌ಡಿ 64 ಜಿಬಿಯೊಳಗೆ ಆರಾಮಾಗಿ ಓಡುತ್ತಿದೆ. 187 ವರ್ಚುವಲ್ ಉಳಿದಿವೆ. ಆದರೆ ಐಪಿ ರೂಟ್‌ಗಳು (ಲೆಕ್ಕ ಕೊಡುವ ಶಕ್ತಿಗಳು) ಜೋಡಿಜೋಡಿಯಾಗಿ ಒಂದೇ ಬರಬೇಕಲ್ಲ, ನನಗೆ ಮೊದಲ ಜೋಡಿಯಲ್ಲೇ 0.004 ಇವಿ ಅಂತರ ಕಾಣುತ್ತಿದೆ. ನಾಲ್ಕು ರೂಟ್ ಕೇಳಿದ್ದೆ.

ಸುರತ್ಕಲ್_ನೋಡ್:

187 ಬೆಸ ಸಂಖ್ಯೆ. ಅಲ್ಲೇ ಉಂಟು ಉತ್ತರ.

ಕ್ಲೋಸ್ಡ್ ಶೆಲ್ ಅಣುವಿನ ನ್ಯಾಚುರಲ್ ಸ್ಪಿನರ್‌ಗಳು ಕ್ರಾಮರ್ಸ್ ಜೋಡಿಗಳಾಗಿ ಬರ್ತವೆ, ಜೋಡಿಯ ಎರಡಕ್ಕೂ ಒಂದೇ ಆಕ್ಯುಪೇಶನ್. ನಿಮ್ಮ ಕಟ್‌ಆಫ್ ಒಂದು ಜೋಡಿಯ ನಡುವೆಯೇ ಬಿದ್ದಿದೆ: ಒಂದರದ್ದು 1.0000003 × 10⁻⁵, ಇನ್ನೊಂದರದ್ದು 0.9999998 × 10⁻⁵ ಆಗಿ, ಒಂದು ಒಳಗೆ, ಒಂದು ಹೊರಗೆ. ಪ್ರಿಂಟ್ ಮಾಡಿ ನೋಡಿ. 186 ಅಥವಾ 188 ಮಾಡಿ. ಸ್ಕ್ರಿಪ್ಟ್‌ನಲ್ಲಿ ಕತ್ತರಿಸುವ ಜಾಗದ ಆಚೀಚೆ ಎರಡು ಆಕ್ಯುಪೇಶನ್‌ಗಳ ಅನುಪಾತ ನೋಡುವ ಒಂದು ಸಾಲು ಹಾಕಿಡಿ. ಒಂದಕ್ಕೆ ತೀರಾ ಹತ್ತಿರ ಇದ್ದರೆ ಒಂದು ಮುಂದೆ ಸರಿಸಲಿ. ಎಣಿಕೆ ಸರಿಯಾದ ಮೇಲೂ ಜೋಡಿ ಒಡೆದರೆ ಎಸ್‌ಸಿಎಫ್ ಸರಿಯಾಗಿ ಕನ್ವರ್ಜ್ ಆಗಿಲ್ಲ ಅಂತ ಲೆಕ್ಕ, ಗ್ರೇಡಿಯೆಂಟ್ ಇನ್ನೂ ಬಿಗಿ ಮಾಡಿ.

ನಾಲ್ಕು ರೂಟ್ ಕಮ್ಮಿ ಆಯಿತು. ಅಯೋಡಿನ್ ಲೋನ್ ಪೇರ್‌ನ ಎರಡು ಸ್ಥಿತಿಗೆ ನಾಲ್ಕು, ಅದರ ಮೇಲೆ ಕಾರ್ಬನ್–ಅಯೋಡಿನ್ ಸಿಗ್ಮಾ ಬಂಧದ್ದು 12.5 ಇವಿ ಸುತ್ತ ಎರಡು. ಎಂಟು ಕೇಳಿ. ರೂಟ್ ಹುಡುಕುವ ಡೇವಿಡ್‌ಸನ್ ವಿಧಾನಕ್ಕೆ ಅಂಚಿನ ರೂಟ್ ಯಾವಾಗಲೂ ತಕರಾರು.

ಅಣುವಿಗೆ ಕೈ ಹಾಕುವ ಮೊದಲೇ ಮಾಡಬೇಕಾಗಿದ್ದ ಪರೀಕ್ಷೆ ಒಂದುಂಟು, ಈಗಾದರೂ ಮಾಡಿ. ಅಯೊಡೈಡ್ ಅಯಾನು ಕ್ಲೋಸ್ಡ್ ಶೆಲ್. ಅದರಿಂದ ಐಪಿ-ಇಒಎಂ ಓಡಿಸಿದರೆ ಸಿಗುವುದು ಅಯೋಡಿನ್ ಪರಮಾಣು: ಆರು ರೂಟ್, ಕೆಳಗೆ ನಾಲ್ಕು 3.06 ಇವಿಯಲ್ಲಿ, ಮೇಲೆ ಎರಡು 4.00ರಲ್ಲಿ. ಋಣ ಅಯಾನು ಆದ್ದರಿಂದ ಡಿಫ್ಯೂಸ್ ಫಂಕ್ಷನ್ ಬೇಕು. ಅಂತರ 0.943ರ ಹತ್ತಿರ ಬಂದರೆ ಹ್ಯಾಮಿಲ್ಟೋನಿಯನ್ ಸರಿ ಉಂಟು. ಆರೂ ಒಂದೇ ಕಡೆ ಬಂದರೆ ನೀವು ಓಡಿಸಿದ್ದು ಸ್ಪಿನ್-ಫ್ರೀ. ಕೋರ್ ಪೊಟೆನ್ಶಿಯಲ್ ಬಳಸುವವರಿಗೂ ಇದೇ ಪರೀಕ್ಷೆ: ಅಯೋಡಿನ್‌ನ 28 ಎಲೆಕ್ಟ್ರಾನ್ ಅಡಗಿಸುವ ಪೊಟೆನ್ಶಿಯಲ್ ಎಷ್ಟೋ ಫೈಲ್‌ಗಳಲ್ಲಿ ಸ್ಪಿನ್-ಆರ್ಬಿಟ್ ಭಾಗ ಇಲ್ಲದೇ ಸಿಗ್ತದೆ, ಪ್ರೋಗ್ರಾಂ ಸುಮ್ಮನೆ ಸೊನ್ನೆ ಅಂತ ತಗೊಳ್ತದೆ.

ಕುಂದಾಪುರ_ಕಡೆ:

ಐಪಿ ಆಯ್ತು. ಎ-ಬ್ಯಾಂಡ್‌ಗೆ ಇದೇ 188 ಸ್ಪಿನರ್ ಎತ್ತಿಕೊಂಡು ಹೋಗಬೇಡಿ.

ಎಂಪಿ2 ಡೆನ್ಸಿಟಿಗೆ ಗೊತ್ತಿರುವುದು ನೆಲಸ್ಥಿತಿ ಒಂದೇ. ಉದ್ರೇಕಿತ ಎಲೆಕ್ಟ್ರಾನ್ ಹೋಗಿ ಕೂರುವ ವರ್ಚುವಲ್‌ಗೆ ಅದರ ಕಣ್ಣಲ್ಲಿ ಬೆಲೆ ಇಲ್ಲ. ಎ-ಬ್ಯಾಂಡ್‌ನ ಸಿಗ್ಮಾ-ಸ್ಟಾರ್ ವೇಲೆನ್ಸ್ ಆದ್ದರಿಂದ ಹೇಗೋ ಬಚಾವಾಗಬಹುದು. 201 ನ್ಯಾನೋಮೀಟರ್ ಸುತ್ತಲಿನ 6ಎಸ್ ರಿಡ್‌ಬರ್ಗ್ ಸ್ಥಿತಿ ಮಾತ್ರ ಖಂಡಿತ ಕೆಡುತ್ತದೆ. ಡಿಫ್ಯೂಸ್ ಫಂಕ್ಷನ್ ಸೇರಿಸಿ, ಅದನ್ನೇ ನ್ಯಾಚುರಲ್ ಸ್ಪಿನರ್ ಕತ್ತರಿಯಿಂದ ಕತ್ತರಿಸಿ ಎಸೆದು, "ಬೇಸಿಸ್ ದೊಡ್ಡದು ಮಾಡಿದರೂ ಶಕ್ತಿ ಇಳಿಯುತ್ತಿಲ್ಲ" ಅಂತ ಕೇಳುವವರು ಇದ್ದಾರೆ.

ದಾರಿ ಎಂತ ಅಂದರೆ, ಮೊದಲು ಎಡಿಸಿ(2) (ಎಂಪಿ2 ಮಟ್ಟದ ಅಗ್ಗದ ವಿಧಾನ) ಉದ್ರೇಕ ಲೆಕ್ಕ ಪೂರ್ತಿ ಜಾಗದಲ್ಲಿ ಮಾಡಿ, ಬೇಕಾದ ಸ್ಥಿತಿಯ ಡೆನ್ಸಿಟಿಯನ್ನು ಎಂಪಿ2 ಡೆನ್ಸಿಟಿಗೆ ಕೂಡಿಸಿ, ಅದರಿಂದ ನ್ಯಾಚುರಲ್ ಸ್ಪಿನರ್ ತೆಗೆಯುವುದು. ಆಗ ಕಟ್‌ಆಫ್ ತಾನಾಗಿ ಆ ಸ್ಥಿತಿಗೆ ಬೇಕಾದ್ದನ್ನು ಉಳಿಸುತ್ತದೆ. ಬೆಲೆ ಏನೆಂದರೆ ಪ್ರತಿ ಸ್ಥಿತಿಗೂ ಬೇರೆ ಸ್ಪಿನರ್ ಸೆಟ್, ಬೇರೆ ಸಿಸಿಎಸ್‌ಡಿ. ನೆಲಸ್ಥಿತಿಯಿಂದ ಆ ಸ್ಥಿತಿಗೆ ಟ್ರಾನ್ಸಿಶನ್ ಡೈಪೋಲ್ ಬೇಕಾದರೆ ಎರಡನ್ನೂ ಅದೇ ಸೆಟ್‌ನಲ್ಲಿ ಲೆಕ್ಕ ಮಾಡಬಹುದು. ಎರಡು ಉದ್ರೇಕಿತ ಸ್ಥಿತಿಗಳ ನಡುವೆ ಬೇಕಾದರೆ ಡೆನ್ಸಿಟಿಗಳ ಸರಾಸರಿ ತಗೊಂಡು ಒಂದೇ ಸೆಟ್ ಮಾಡುವುದು ಲೇಸು.

ಈ ಬ್ಯಾಂಡ್‌ನಲ್ಲಿ ಸ್ಪಿನ್-ಆರ್ಬಿಟ್ ಬಿಟ್ಟರೆ ಶಕ್ತಿ ಮಾತ್ರವಲ್ಲ, ತೀವ್ರತೆಯೇ ತಪ್ಪು. ಎ-ಬ್ಯಾಂಡ್ ಒಳಗೆ 3ಕ್ಯೂ1, 3ಕ್ಯೂ0, 1ಕ್ಯೂ1 ಎಂದು ಮೂರು ಇವೆ. ಬೆಳಕು ಹೆಚ್ಚು ಹೀರುವುದು 3ಕ್ಯೂ0. ಹೆಸರಿಗೆ ಟ್ರಿಪ್ಲೆಟ್, ಅದಕ್ಕೆ ತೀವ್ರತೆ ಸಿಗುವುದು ಸ್ಪಿನ್-ಆರ್ಬಿಟ್ ಬೆರಕೆಯಿಂದ. ಬಂಧ ಒಡೆದಾಗ ಅದು ಹೋಗಿ ಸೇರುವುದು ಉದ್ರೇಕಿತ ಪಿ 1/2 ಅಯೋಡಿನ್‌ಗೆ. ಆದರೆ ಬಂಧ ಎಳೆಯುತ್ತಾ ಹೋಗಿ ಪೊಟೆನ್ಶಿಯಲ್ ಕರ್ವ್ ಬರೆಯುವ ಆಸೆ ಇದ್ದರೆ ಈ ವಿಧಾನ ಅಲ್ಲ, ಕ್ಲೋಸ್ಡ್ ಶೆಲ್ ಉಲ್ಲೇಖವೇ ಕುಸಿಯುತ್ತದೆ. ಸಮತೋಲನದ ದೂರದಲ್ಲಿ ಲಂಬ ಉದ್ರೇಕಕ್ಕೆ ಮಾತ್ರ.

ಕೋಡ್ ಪರೀಕ್ಷೆಗೆ ಪಾದರಸದ ಪರಮಾಣು ಹಿಡಿಯಿರಿ. 6ಎಸ್‌ನಿಂದ 6ಪಿಗೆ: 4.667, 4.887, 5.461, 6.704 ಇವಿ, ಕ್ರಮವಾಗಿ 1, 3, 5, 3 ರೂಟ್, ಒಟ್ಟು 12. ಎರಡು ಎಸ್ ಸ್ಪಿನರ್, ಆರು ಪಿ ಸ್ಪಿನರ್, ಗುಣಿಸಿದರೆ 12 ಆಗಲೇಬೇಕು. ಹತ್ತು ಕೇಳಿದರೆ ಕೊನೆಯ ಗುಂಪು ಅರ್ಧಕ್ಕೆ ತುಂಡಾಗಿ ಸಿಮೆಟ್ರಿ ಕೆಟ್ಟ ಉತ್ತರ ಬರುತ್ತದೆ. 4.887 ಅಂದರೆ 253.7 ನ್ಯಾನೋಮೀಟರ್, ಹಳೇ ಟ್ಯೂಬ್‌ಲೈಟ್‌ನ ಒಳಗಿನ ಗೆರೆ. ಸ್ಪಿನ್-ಫ್ರೀ ಲೆಕ್ಕದಲ್ಲಿ ಅದರ ತೀವ್ರತೆ ಸೊನ್ನೆ, ಅಂದರೆ ಆ ಲೆಕ್ಕದ ಪ್ರಕಾರ ಟ್ಯೂಬ್‌ಲೈಟ್ ಉರಿಯಲೇಬಾರದು.

ಕೊಣಾಜೆ_ಗುಡ್ಡೆ:

188 ಮಾಡಿದ ಮೇಲೆ ಜೋಡಿ ಕೂಡಿತು. ಐಪಿಗೂ ಸಿಸಿಎಸ್‌ಡಿ ಬದಲು ಎಡಿಸಿ(2) ಮಾತ್ರ ಹಾಕಿದರೆ ಆಗುವುದಿಲ್ಲವಾ? ಸೀಳು ಚೆನ್ನಾಗಿಯೇ ಬರುತ್ತಿದೆ.

ಮಣಿಪಾಲ್_ಸ್ಪಿನರ್:

ಸೀಳು ಎರಡು ಐಪಿಗಳ ವ್ಯತ್ಯಾಸ. ಎರಡರಲ್ಲೂ ಒಂದೇ ತಪ್ಪಿದ್ದರೆ ಅದು ಕಳೆದು ಹೋಗುತ್ತದೆ, ಅದಕ್ಕೇ ಚೆನ್ನಾಗಿ ಕಾಣುವುದು. ಐಪಿಗೆ ಎಡಿಸಿ(2) ಸಾಮಾನ್ಯವಾಗಿ ಅರ್ಧ ಇವಿಯಷ್ಟು ಕೆಳಗೆ ಬೀಳುತ್ತದೆ. 9.54 ಎದುರು ಇಟ್ಟು ನೋಡಿ. ಎಡಿಸಿ(3) ಇದ್ದರೆ ಮಾತು ಬೇರೆ. ಟ್ರಿಪಲ್-ಝೀಟಾದಿಂದ ಕ್ವಾಡ್ರುಪಲ್‌ಗೆ ಹೋದಾಗ ಐಪಿ ಇನ್ನೂ ಸ್ವಲ್ಪ ಏರುತ್ತದೆ, ಅದಕ್ಕೂ ಜಾಗ ಇಟ್ಟುಕೊಂಡು ಹೋಲಿಸಿ. ಲೋನ್ ಪೇರ್‌ನಿಂದ ಎಲೆಕ್ಟ್ರಾನ್ ಹೋದರೆ ಅಣುವಿನ ಆಕಾರ ಅಷ್ಟೇನೂ ಬದಲಾಗದ ಕಾರಣ ಲಂಬ ಐಪಿಯನ್ನು ಪ್ರಯೋಗದ ಸಂಖ್ಯೆ ಜೊತೆ ನೇರ ಇಡಬಹುದು. ಎಲ್ಲ ಅಣುವಿಗೂ ಈ ಅನುಕೂಲ ಸಿಗುವುದಿಲ್ಲ.

ಸುರತ್ಕಲ್_ನೋಡ್:

ಕ್ವಾಡ್ರುಪಲ್ ಓಡಿಸುವುದಾದರೆ ಪ್ರತಿ ಇಟರೇಶನ್‌ಗೂ ಟಿ1, ಟಿ2 ಡಿಸ್ಕಿಗೆ ಬರೆಸಿ. ಒಂದು ಜಿಬಿ ಆಸುಪಾಸು, ಬರೆಯಲಿಕ್ಕೆ ಕೆಲವು ಸೆಕೆಂಡ್. ಒಂದೇ ಫೈಲ್ ಮೇಲೆ ಪುನಃ ಪುನಃ ಬರೆಯದೇ ಎರಡು ಫೈಲ್ ಅದಲುಬದಲು ಮಾಡಿ. ಜೂನ್ ಶುರುವಾದ ಮೇಲೆ ನಮ್ಮ ಕಡೆ ಕರೆಂಟ್ ಹೋಗುವುದು ಬರೆಯುವ ಹೊತ್ತಿಗೇ.